ಆರೋಗ್ಯ ಮಸೂದೆಯ ‘ಪ್ರೊಸೀಜರಲ್’ ಮತ: ಅಮೆರಿಕದ ಸೆನೆಟರ್ ಹತ್ತಿರ ಜವಾಬು ಕೇಳುವ ಸಮಗ್ರ ಮಾರ್ಗದರ್ಶಿ

2022ರ ಆಗಸ್ಟ್ 7ರಂದು ಅಮೆರಿಕದ ಸೆನೆಟ್‌ನಲ್ಲಿ ಒಂದು ಮತ ನಡೆಯಿತು. ಖಾಸಗಿ ವಿಮೆ ಇರುವವರಿಗೂ ಇನ್ಸುಲಿನ್ ಖರ್ಚು ತಿಂಗಳಿಗೆ 35 ಡಾಲರ್ ಮೀರಬಾರದು ಎಂಬ ಅಂಶ ಮಸೂದೆಯಲ್ಲಿ ಉಳಿಯಬೇಕಾದರೆ 60 ಮತ ಬೇಕಿತ್ತು. ಬಂದದ್ದು 57. ವಿರುದ್ಧ 43. ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿರುವ ಹಿರಿಯರಿಗೆ 35 ಡಾಲರ್ ಮಿತಿ ಉಳಿಯಿತು, ಖಾಸಗಿ ವಿಮೆಯವರ ಪಾಲಿಗೆ ಬಿದ್ದುಹೋಯಿತು. ಆದರೆ ಅಂದು ಮತಕ್ಕೆ ಹಾಕಿದ ಪ್ರಶ್ನೆಯಲ್ಲಿ ಔಷಧದ ಬೆಲೆಯ ಮಾತೇ ಇರಲಿಲ್ಲ. ಬಜೆಟ್ ಕಾಯ್ದೆಯ ನಿಯಮದಿಂದ ವಿನಾಯಿತಿ ಕೊಡಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ. ಹೀಗೆ ಮಸೂದೆಯ ವಿಷಯದ ಮೇಲಲ್ಲದೆ ಸದನದ ನಡಾವಳಿಯ ಮೇಲೆ ನಡೆಯುವುದೇ ‘ಪ್ರೊಸೀಜರಲ್’ ಮತ. ಹಾಗಾಗಿ ವಿರುದ್ಧ ಮತ ಹಾಕಿದ ಯಾರೇ ಆದರೂ ‘ನಾನು ಇನ್ಸುಲಿನ್ ವಿರುದ್ಧ ಮತ ಹಾಕಿಲ್ಲ, ಸದನದ ನಿಯಮ ಕಾಪಾಡಿದೆ’ ಎಂದು ಊರಿಗೆ ಬಂದು ಹೇಳಬಹುದು.

ಆ ಮಾತು ಎಷ್ಟು ನಿಜ, ಎಷ್ಟು ನೆಪ ಎಂದು ಅಳೆಯುವುದು ಮತ್ತು ಅಳೆದ ಮೇಲೆ ಸೆನೆಟರ್ ಬಾಯಿಂದ ನೇರ ಉತ್ತರ ಹೊರಡಿಸುವುದು ಹೇಗೆ ಎಂಬುದೇ ಈ ಬರಹದ ವಿಷಯ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ರಾಜಕೀಯವಲ್ಲ. ಗ್ರೀನ್ ಕಾರ್ಡ್ ಮೇಲೆ ಬಂದ, ಅಲ್ಲಿ ದುಡಿದ ದಾಖಲೆ ಇಲ್ಲದ 65 ದಾಟಿದ ತಂದೆತಾಯಿ, ಸತತ 5 ವರ್ಷ ವಾಸ ಮುಗಿಯುವವರೆಗೆ ಮೆಡಿಕೇರ್ ಕೊಳ್ಳುವಂತಿಲ್ಲ. ಅಲ್ಲಿಯವರೆಗೆ ಅನೇಕರಿಗೆ ದಾರಿ 2010ರ ಆರೋಗ್ಯ ಕಾನೂನು, ಅಂದರೆ ‘ಒಬಾಮಾ ಕೇರ್’, ತೆರೆದ ಮಾರುಕಟ್ಟೆಯ ವಿಮೆಯೇ. ಆ ವಿಮೆಯ ಕಂತು ಎಷ್ಟಾಗುತ್ತದೆ ಎಂಬುದು ಇಂಥ ಮತಗಳ ಮೇಲೇ ನಿಂತಿದೆ.

ನಮ್ಮ ಸಂಸತ್ತಿಗೂ ಅಮೆರಿಕದ ಸೆನೆಟ್‌ಗೂ ಇರುವ ಒಂದು ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಭಾರತದಲ್ಲಿ ವಿಪ್ ಮೀರಿ ಮತ ಹಾಕಿದ ಸಂಸದ ಪಕ್ಷಾಂತರ ನಿಷೇಧ ಕಾನೂನಿನಡಿ ಸ್ಥಾನವನ್ನೇ ಕಳೆದುಕೊಳ್ಳಬಹುದು. ಸೆನೆಟ್‌ನಲ್ಲಿ ಅಂಥ ಕಾನೂನಿಲ್ಲ. ವಿಪ್ ಒತ್ತಾಯಿಸಬಹುದು, ಮುನಿಸಿಕೊಳ್ಳಬಹುದು, ಸ್ಥಾನ ಕಿತ್ತುಕೊಳ್ಳಲಾರ. ಆದ್ದರಿಂದ ಅಲ್ಲಿನ ಪ್ರತಿ ಮತವೂ ಆ ವ್ಯಕ್ತಿಯ ಸ್ವಂತ ಮತ. ‘ಪಕ್ಷ ಹೇಳಿತು’ ಎಂಬ ಉತ್ತರಕ್ಕೆ ಬೆಲೆ ಕೊಡಬೇಕಾಗಿಲ್ಲ.

ಮೊದಲ ಹೆಜ್ಜೆ: ಅದು ಯಾವ ಬಗೆಯ ಮತ?

ಹೆಚ್ಚಿನವರು ಎಡವುವುದು ಇಲ್ಲೇ. ಸುದ್ದಿಯಲ್ಲಿ ‘ಆರೋಗ್ಯ ಮಸೂದೆಗೆ ಸೆನೆಟ್‌ನಲ್ಲಿ ಸೋಲು’ ಎಂದು ಬಂದರೆ ಏನು ಸೋತಿತು ಎಂದು ಯಾರೂ ನೋಡುವುದಿಲ್ಲ. ಆರೋಗ್ಯದ ವಿಷಯದಲ್ಲಿ ಮತ್ತೆ ಮತ್ತೆ ಎದುರಾಗುವ ಬಗೆಗಳು ಇಷ್ಟು.

*ಮೋಷನ್ ಟು ಪ್ರೊಸೀಡ್.* ಮಸೂದೆಯನ್ನು ಚರ್ಚೆಗೆ ಎತ್ತಿಕೊಳ್ಳೋಣವೇ ಎಂಬ ಪ್ರಶ್ನೆ. ಗೆಲ್ಲಲು ಸರಳ ಬಹುಮತ ಸಾಕು. ಆದರೆ ಸಾಮಾನ್ಯ ಮಸೂದೆಯಲ್ಲಿ ಈ ಪ್ರಶ್ನೆಯ ಮೇಲೂ ಮಾತು ಎಳೆಯುತ್ತಾ ಹೋಗಬಹುದಾದ್ದರಿಂದ ಅದಕ್ಕೂ ಮೊದಲು ಕ್ಲೋಚರ್ ಬೇಕಾಗುತ್ತದೆ.

*ಕ್ಲೋಚರ್.* ಚರ್ಚೆಗೆ ಗಡಿ ಹಾಕುವ ಮತ. 1917ರಲ್ಲಿ ಈ ನಿಯಮ ಬಂದಾಗ ಮೂರನೇ ಎರಡು ಭಾಗ ಬೇಕಿತ್ತು, 1975ರಿಂದ ಐದನೇ ಮೂರು ಭಾಗ, ಅಂದರೆ 60. ಗಮನಿಸಬೇಕಾದದ್ದು: ಈ 60 ಹಾಜರಿದ್ದವರ ಲೆಕ್ಕವಲ್ಲ, ಒಟ್ಟು ಸದಸ್ಯರ ಲೆಕ್ಕ. ಹಾಗಾಗಿ ಗೈರುಹಾಜರಾದವರೂ ಫಲಿತಾಂಶದ ಮಟ್ಟಿಗೆ ‘ಬೇಡ’ ಎಂದವರಿಗೆ ಸಮ. ‘ಆ ದಿನ ನಾನು ಊರಲ್ಲಿರಲಿಲ್ಲ’ ಎಂಬುದು ತಟಸ್ಥ ಉತ್ತರವಲ್ಲ.

*ಬಜೆಟ್ ಕಾಯ್ದೆಯ ವೇವರ್ (ವಿನಾಯಿತಿ).* ಬಜೆಟ್ ಸಂಬಂಧದ ಮಸೂದೆಗಳಿಗಿರುವ ರಿಕನ್ಸಿಲಿಯೇಷನ್ ಎಂಬ ವಿಶೇಷ ದಾರಿಯಲ್ಲಿ ಬರುವ ಮಸೂದೆಗೆ 60ರ ಅಡ್ಡಿ ಇಲ್ಲ, ಚರ್ಚೆ 20 ಗಂಟೆಗೆ ಸೀಮಿತ. ಬದಲಿಗೆ ಬರ್ಡ್ ರೂಲ್ ಎಂಬ ಕಟ್ಟುಪಾಡಿದೆ: ಬಜೆಟ್‌ಗೆ ನೇರ ಸಂಬಂಧವಿಲ್ಲದ ಅಂಶ ಇದ್ದರೆ ಯಾವ ಸೆನೆಟರ್ ಆದರೂ ಆಕ್ಷೇಪ ಎತ್ತಬಹುದು. ಆ ಆಕ್ಷೇಪವನ್ನು ಬದಿಗೆ ಸರಿಸಲು 60 ಬೇಕು. ಇನ್ಸುಲಿನ್ ಬಿದ್ದದ್ದು ಹೀಗೆ.

*ಟೇಬಲ್.* ತಿದ್ದುಪಡಿಯನ್ನು ಬದಿಗೆ ಸರಿಸಿಬಿಡೋಣವೇ ಎಂಬ ಪ್ರಶ್ನೆ. ಇಲ್ಲಿ ‘ಹೌದು’ ಎಂದರೆ ತಿದ್ದುಪಡಿಯನ್ನು ಕೊಲ್ಲುವುದು. ಕೈಬರಹದ ಪಟ್ಟಿಯಲ್ಲಿ ‘ಯೇ’ (ಹೌದು) ಕಂಡ ಕೂಡಲೇ ಬೆಂಬಲ ಎಂದು ಬರೆದುಕೊಂಡವರು ತಮ್ಮದೇ ಸೆನೆಟರ್ ಮೇಲೆ ತಲೆಕೆಳಗಾದ ಆರೋಪ ಹೊರಿಸುತ್ತಾರೆ.

ಇನ್ನೊಂದು ಬಲೆಯಿದೆ. ಸೋತ ಮತವನ್ನು ಮತ್ತೆ ತರಲು ಕೋರುವ ಹಕ್ಕು ಗೆದ್ದ ಕಡೆ ಇದ್ದವರಿಗೆ ಅಥವಾ ಮತ ಹಾಕದೇ ಇದ್ದವರಿಗೆ ಮಾತ್ರ. ಆದ್ದರಿಂದ ಸೋಲು ಖಚಿತವಾದಾಗ ಬಹುಮತದ ನಾಯಕ ತನ್ನ ಮತವನ್ನು ಕೊನೆ ಗಳಿಗೆಯಲ್ಲಿ ‘ಬೇಡ’ಕ್ಕೆ ಬದಲಿಸುವುದುಂಟು. ಅದು ವಿರೋಧವಲ್ಲ, ಬಾಗಿಲು ತೆರೆದಿಟ್ಟುಕೊಳ್ಳುವ ಉಪಾಯ. ನಾಯಕರ ಹೆಸರು ವಿರೋಧಿಗಳ ಪಟ್ಟಿಯಲ್ಲಿ ಕಂಡರೆ ಕೂಡಲೇ ಹುಬ್ಬೇರಿಸಬೇಡಿ, ಅವರ ಭಾಷಣ ಓದಿ.

ಎರಡನೇ ಹೆಜ್ಜೆ: ದಾಖಲೆಯನ್ನು ಮೂಲದಿಂದಲೇ ತೆಗೆಯಿರಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ, ಪಕ್ಷದ ಕರಪತ್ರ, ಟೀವಿಯ ಪಟ್ಟಿ ಯಾವುದನ್ನೂ ನಂಬಿ ಕೂರಬೇಡಿ. ಸೆನೆಟ್‌ನ ಅಧಿಕೃತ ಜಾಲತಾಣದಲ್ಲಿ ‘ವೋಟ್ಸ್’ ವಿಭಾಗಕ್ಕೆ ಹೋದರೆ 1989ರಿಂದ ಈಚೆಗಿನ ಪ್ರತಿ ಕಾಂಗ್ರೆಸ್ (ಅಮೆರಿಕದ ಸಂಸತ್ತಿನ ಎರಡು ವರ್ಷದ ಅವಧಿ), ಪ್ರತಿ ಅಧಿವೇಶನದ ರೋಲ್ ಕಾಲ್ ಪಟ್ಟಿ, ಅಂದರೆ ಹೆಸರುವಾರು ಮತದ ಪಟ್ಟಿ ಇರುತ್ತದೆ. ಮತದ ಸಂಖ್ಯೆ ಪ್ರತಿ ಅಧಿವೇಶನಕ್ಕೆ 1ರಿಂದ ಶುರುವಾಗುತ್ತದೆ, ಹಾಗಾಗಿ ಸಂಖ್ಯೆ ಒಂದನ್ನೇ ಬರೆದುಕೊಂಡರೆ ಸಾಲದು. ‘115ನೇ ಕಾಂಗ್ರೆಸ್, 1ನೇ ಅಧಿವೇಶನ, ಮತ 167’ ಎಂದು ಪೂರ್ತಿ ಬರೆಯಿರಿ.

ಆ 167ನ್ನೇ ತೆರೆದು ನೋಡಿ. ಮೇಲಿನ ಸಾಲು ‘ಕ್ವಶ್ಚನ್’: ಒಬಾಮಾ ಕೇರ್ ರದ್ದುಮಾಡಲು ತಂದ ಮಸೂದೆ ಎಚ್.ಆರ್. 1628ನ್ನು ಎತ್ತಿಕೊಳ್ಳುವ ಮೋಷನ್. ದಿನಾಂಕ 2017ರ ಜುಲೈ 25. ‘ರಿಕ್ವೈರ್ಡ್ ಫಾರ್ ಮೆಜಾರಿಟಿ’ ಎಂಬಲ್ಲಿ 1/2. ಪರ 50, ವಿರುದ್ಧ 50, ಉಪಾಧ್ಯಕ್ಷರ ಮತ ಪರ. ಕೆಳಗೆ ಹೆಸರುಗಳು ಮೂರು ರೀತಿ ಜೋಡಣೆಯಾಗಿ ಸಿಗುತ್ತವೆ: ಅಕ್ಷರಕ್ರಮ, ಮತದ ಪ್ರಕಾರ, ರಾಜ್ಯದ ಪ್ರಕಾರ. ರಾಜ್ಯದ ಪಟ್ಟಿಯಲ್ಲಿ ನಿಮ್ಮ ಇಬ್ಬರೂ ಸೆನೆಟರ್‌ಗಳು ಅಕ್ಕಪಕ್ಕ ಕಾಣುತ್ತಾರೆ. ಈ ಐದು ವಿವರ ಬರೆದುಕೊಳ್ಳಿ: ಪ್ರಶ್ನೆ, ದಿನಾಂಕ, ಬೇಕಾದ ಮತ, ಬಂದ ಮತ, ನಿಮ್ಮವರ ಮತ. ‘ರಿಕ್ವೈರ್ಡ್’ ಸಾಲಿನಲ್ಲಿ 3/5 ಕಂಡರೆ ಅದು ಕ್ಲೋಚರ್ ಅಥವಾ ವೇವರ್ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಆಮೇಲೆ ಕಾಂಗ್ರೆಸ್‌ನ ಮಸೂದೆ ಜಾಲತಾಣದಲ್ಲಿ ಅದೇ ಮಸೂದೆಯ ‘ಆ್ಯಕ್ಷನ್ಸ್’ ಪಟ್ಟಿ ತೆರೆಯಿರಿ. ಆ ಮತದ ಮುಂಚೆ ಏನಾಯಿತು, ನಂತರ ಏನಾಯಿತು ಎಂದು ದಿನಾಂಕವಾರು ಇರುತ್ತದೆ. ಅಲ್ಲಿಂದ ಸದನದ ಮಾತುಗಳ ಅಧಿಕೃತ ದಾಖಲೆಯಾದ ಕಾಂಗ್ರೆಷನಲ್ ರೆಕಾರ್ಡ್‌ಗೆ ಕೊಂಡಿ ಸಿಗುತ್ತದೆ. ಸೆನೆಟ್‌ನ ಪುಟಗಳಿಗೆ ‘ಎಸ್’ ಅಕ್ಷರದಿಂದ ಶುರುವಾಗುವ ಸಂಖ್ಯೆ. ನಿಮ್ಮ ಸೆನೆಟರ್ ಆ ದಿನ ಮಾತಾಡಿದ್ದರೆ ಕಾರಣ ಅವರ ಮಾತಿನಲ್ಲೇ ಸಿಗುತ್ತದೆ. ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಧ್ವನಿಮತ ಅಥವಾ ಸರ್ವಾನುಮತದ ಒಪ್ಪಿಗೆಯಲ್ಲಿ ನಡೆದದ್ದಕ್ಕೆ ಹೆಸರುಗಳ ಪಟ್ಟಿ ಇರುವುದಿಲ್ಲ. ಅಲ್ಲಿ ‘ನೀವು ಮತ ಹಾಕಿದಿರಿ’ ಎನ್ನಬೇಡಿ. ‘ಆಕ್ಷೇಪ ಎತ್ತಲಿಲ್ಲ, ರೋಲ್ ಕಾಲ್ ಕೇಳಲಿಲ್ಲ’ ಎನ್ನಿ.

ಮೂರನೇ ಹೆಜ್ಜೆ: ಮತದ ತೂಕ ನೋಡಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಎಲ್ಲ ಪ್ರೊಸೀಜರಲ್ ಮತವೂ ಒಂದೇ ತೂಕದ್ದಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಮತ ಉಲ್ಟಾ ಬಿದ್ದಿದ್ದರೆ ಮಾರನೆಯ ದಿನ ಏನಾಗುತ್ತಿತ್ತು? ಮುಂದೆ ಇನ್ನೊಂದು ತಡೆ ಉಳಿದಿತ್ತೇ, ಇದೇ ಕೊನೆಯ ತಡೆಯೇ?

2009ರ ನವೆಂಬರ್ 21ರಂದು ಮುಂದೆ ಒಬಾಮಾ ಕೇರ್ ಆದ ಆರೋಗ್ಯ ಸುಧಾರಣೆಯ ಮಸೂದೆಯನ್ನು ಎತ್ತಿಕೊಳ್ಳಲು ಕ್ಲೋಚರ್ ಆಯಿತು, 60–39. ಅಂದು ಕೆಲವು ಡೆಮಾಕ್ರಟಿಕ್ ಸೆನೆಟರ್‌ಗಳು ‘ಚರ್ಚೆಗೆ ಒಪ್ಪಿದ್ದೇನೆ, ಮಸೂದೆಗೆ ಒಪ್ಪಿದ್ದೇನೆ ಎಂದಲ್ಲ’ ಎಂಬ ನಿಲುವು ತೆಗೆದುಕೊಂಡರು. ಆ ಮಾತಿಗೆ ಆಧಾರವಿತ್ತು. ಮುಂದೆ ಮತ್ತೆ 60 ಬೇಕಾದ ಘಟ್ಟಗಳಿದ್ದವು, ಅಲ್ಲಿ ಪ್ರತಿಯೊಬ್ಬರಿಗೂ ತಡೆಯುವ ಶಕ್ತಿ ಉಳಿದಿತ್ತು. ಆ ಶಕ್ತಿ ಬಳಕೆಯೂ ಆಯಿತು: ಸರ್ಕಾರವೇ ನಡೆಸುವ ವಿಮೆ, ಅಂದರೆ ‘ಪಬ್ಲಿಕ್ ಆಪ್ಷನ್’, ಮುಂದಿನ ಕ್ಲೋಚರ್‌ಗೆ 60 ಸಿಗುವುದಿಲ್ಲ ಎಂಬ ಬೆದರಿಕೆಯಿಂದಲೇ ಮಸೂದೆಯಿಂದ ಹೊರಬಿತ್ತು. ಸದನದಲ್ಲಿ ಅದರ ಮೇಲೆ ನೇರ ಮತವೇ ನಡೆಯಲಿಲ್ಲ. ಮತ ಹಾಕುವ ಮುಂಚೆ ಸೆನೆಟರ್ ಹಾಕಿದ ಷರತ್ತನ್ನೂ ದಾಖಲಿಸಬೇಕು ಎನ್ನುವುದು ಇದಕ್ಕೇ. ಕೆಲವೊಮ್ಮೆ ರೋಲ್ ಕಾಲ್‌ಗಿಂತ ಆ ಷರತ್ತೇ ದೊಡ್ಡದು.

2017ರ ಮತ 167 ಬೇರೆಯದೇ ತೂಕದ್ದು. ಅದು ರಿಕನ್ಸಿಲಿಯೇಷನ್ ದಾರಿ. ಬಾಗಿಲು ತೆರೆದ ಮೇಲೆ ಮಸೂದೆಯ ಕೊನೆಯ ಮತಕ್ಕೆ 60ರ ತಡೆ ಇರಲಿಲ್ಲ. ಯಾವ ಪಠ್ಯದ ಮೇಲೆ ಕೊನೆಯ ಮತ ಎಂಬುದೂ ಅಂದು ಗೊತ್ತಿರಲಿಲ್ಲ. ಸಮ ಸಮ ಬಂದು ಉಪಾಧ್ಯಕ್ಷ ಮೈಕ್ ಪೆನ್ಸ್ ಮತದಿಂದ ಗೆದ್ದದ್ದರಿಂದ, ‘ಹೌದು’ ಎಂದ 50 ಮಂದಿಯಲ್ಲಿ ಯಾರೇ ಒಬ್ಬರು ‘ಬೇಡ’ ಎಂದಿದ್ದರೂ ಅದು ಅಲ್ಲಿಗೇ ನಿಲ್ಲುತ್ತಿತ್ತು. ಅಂಥ ಮತದ ಬಗ್ಗೆ ‘ನಾನು ಬರೀ ಚರ್ಚೆಗೆ ಒಪ್ಪಿದೆ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ನೆವಾಡದ ಆಗಿನ ರಿಪಬ್ಲಿಕನ್ ಸೆನೆಟರ್ ಡೀನ್ ಹೆಲರ್ ಅವರ ಆ ವಾರದ ದಾಖಲೆ ಹತ್ತಿರದಿಂದ ನೋಡಲು ಯೋಗ್ಯ. ಅದಕ್ಕೂ ಒಂದು ತಿಂಗಳು ಮೊದಲು, ಜೂನ್ 23ರಂದು, ತಮ್ಮದೇ ಪಕ್ಷದ ರಾಜ್ಯಪಾಲ ಬ್ರಯಾನ್ ಸ್ಯಾಂಡೊವಾಲ್ ಪಕ್ಕದಲ್ಲಿ ನಿಂತು, ಆಗಿನ ರೂಪದ ಸೆನೆಟ್ ಮಸೂದೆಯನ್ನು ಬೆಂಬಲಿಸಲಾರೆ ಎಂದರು. ಜುಲೈ 25ರಂದು ಬಾಗಿಲು ತೆರೆಯುವ ಮತಕ್ಕೆ ‘ಹೌದು’. ಅದೇ ಸಂಜೆ ಪಕ್ಷದ ಬದಲಿ ಯೋಜನೆಯ ವೇವರ್‌ಗೆ ‘ಬೇಡ’, ಅದು 43–57ರಲ್ಲಿ ಬಿತ್ತು. ಮಾರನೆಯ ದಿನ ಬದಲಿಯಿಲ್ಲದ ರದ್ದತಿಗೂ ‘ಬೇಡ’, 45–55. ಜುಲೈ 28ರ ನಸುಕಿನಲ್ಲಿ ಕೆಲವೇ ಅಂಶಗಳನ್ನು ರದ್ದುಮಾಡುವ ‘ಸ್ಕಿನ್ನಿ ರಿಪೀಲ್’ಗೆ ‘ಹೌದು’. ಅದು ಅದೇ ಪಕ್ಷದ ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ, ಜಾನ್ ಮೆಕೇನ್ ವಿರೋಧದಿಂದ 49–51ರಲ್ಲಿ ಸೋತಿತು. ಯಾವ ಒಂದು ಮತವನ್ನು ಎತ್ತಿ ತೋರಿಸುತ್ತೀರಿ ಎಂಬುದರ ಮೇಲೆ ಒಬ್ಬರೇ ವ್ಯಕ್ತಿ ಒಬಾಮಾ ಕೇರ್ ರಕ್ಷಕರೂ ಆಗುತ್ತಾರೆ, ವೈರಿಯೂ ಆಗುತ್ತಾರೆ. ಪ್ರಾಮಾಣಿಕ ದಾಖಲೆ ಎಂದರೆ ನಾಲ್ಕನ್ನೂ ಸಾಲಾಗಿ ಇಡುವುದು. ಮೆಕೇನ್ ವಿಷಯದಲ್ಲೂ ಅಷ್ಟೇ: ಕೊನೆಯ ‘ಬೇಡ’ ಎಲ್ಲರಿಗೂ ನೆನಪಿದೆ, ಮೂರು ದಿನ ಮೊದಲು ಬಾಗಿಲು ತೆರೆದವರಲ್ಲಿ ಅವರೂ ಒಬ್ಬರು ಎಂಬುದನ್ನು ಬಿಡಬಾರದು.

2025ರ ಡಿಸೆಂಬರ್ 11 ಇನ್ನೊಂದು ಪಾಠ ಕಲಿಸುತ್ತದೆ. ವರ್ಷಾಂತ್ಯಕ್ಕೆ ಮುಗಿಯಲಿದ್ದ, ಒಬಾಮಾ ಕೇರ್ ವಿಮೆಯ ಹೆಚ್ಚುವರಿ ಸಹಾಯಧನವನ್ನು ಮೂರು ವರ್ಷ ಮುಂದುವರಿಸುವ ಡೆಮಾಕ್ರಟಿಕ್ ಮಸೂದೆ, ಆರೋಗ್ಯ ಉಳಿತಾಯ ಖಾತೆಗೆ ಹಣ ಹಾಕುವ ರಿಪಬ್ಲಿಕನ್ ಮಸೂದೆ, ಎರಡೂ ಒಂದೇ ದಿನ 51–48 ಪಡೆದು 60 ಮುಟ್ಟದೆ ನಿಂತವು. ಹೀಗೆ ಜೋಡಿ ಮತ ನಡೆದಾಗ ಹೆಚ್ಚುಕಡಿಮೆ ಪ್ರತಿಯೊಬ್ಬರ ಕೈಯಲ್ಲೂ ‘ಜನರ ಖರ್ಚು ಇಳಿಸಲು ಮತ ಹಾಕಿದೆ’ ಎಂಬ ಚೀಟಿ ಇರುತ್ತದೆ. ಆಗ ಕೇಳಬೇಕಾದದ್ದು: ಗೆಲ್ಲುವ 60ಕ್ಕಾಗಿ ನೀವು ಎದುರು ಪಕ್ಷದ ಯಾರ ಜತೆ ಕೂತು ಏನು ಮಾತಾಡಿದಿರಿ?

ಬಜೆಟ್ ಮಸೂದೆಯ ಕೊನೆಯಲ್ಲಿ ರಾತ್ರಿಯಿಡೀ ನಡೆಯುವ ತಿದ್ದುಪಡಿಗಳ ಸರಣಿ, ‘ವೋಟ್-ಅ-ರಾಮಾ’, ಬಗ್ಗೆ ಒಂದು ಎಚ್ಚರಿಕೆ. ಅಲ್ಲಿನ ಎಷ್ಟೋ ಮತಗಳು ಎದುರಾಳಿಯ ಮೇಲೆ ಜಾಹೀರಾತು ಮಾಡಲೆಂದೇ ತಂದವು. ಅವುಗಳನ್ನು ಹೆಕ್ಕಿ ಮುಖ್ಯ ಆರೋಪ ಕಟ್ಟಬೇಡಿ.

ನಾಲ್ಕನೇ ಹೆಜ್ಜೆ: ಒಂದು ವಾಕ್ಯ, ಒಂದು ಪ್ರಶ್ನೆ

ಈಗ ನಿಮ್ಮ ಬಳಿ ಸಾಮಗ್ರಿ ಇದೆ. ಅದನ್ನು ಒಂದು ವಾಕ್ಯಕ್ಕೆ ಇಳಿಸಿ. ‘ನೀವು ಜನರ ಆರೋಗ್ಯ ಕಿತ್ತುಕೊಂಡಿರಿ’ ಎಂಬುದು ವಾಕ್ಯವಲ್ಲ, ಕೂಗು. ‘2022ರ ಆಗಸ್ಟ್ 7ರಂದು ನೀವು ವೇವರ್ ವಿರುದ್ಧ ಮತ ಹಾಕಿದಿರಿ. ಇನ್ನು ಮೂರು ಮತ ಬಂದಿದ್ದರೆ ಖಾಸಗಿ ವಿಮೆಯವರ 35 ಡಾಲರ್ ಮಿತಿ ಮಸೂದೆಯಲ್ಲಿ ಉಳಿಯುತ್ತಿತ್ತು’ ಎಂಬುದು ವಾಕ್ಯ. ಇದರಲ್ಲಿ ಅಲ್ಲಗಳೆಯಲು ಏನೂ ಇಲ್ಲ.

ಪ್ರಶ್ನೆ ‘ಹೌದು’ ಅಥವಾ ‘ಇಲ್ಲ’ ಎಂದು ಮುಗಿಯುವಂತಿರಲಿ, ಮುಂದಿನ ಮತದ ಬಗ್ಗೆ ಇರಲಿ: ‘ಇದೇ ಅಂಶ ಪ್ರತ್ಯೇಕ ಮಸೂದೆಯಾಗಿ ಬಂದರೆ ಕ್ಲೋಚರ್‌ಗೆ ಮತ ಹಾಕುತ್ತೀರಾ?’ ಹಿಂದಿನದಕ್ಕೆ ಸಮಜಾಯಿಷಿ ಸಿಗುತ್ತದೆ, ಮುಂದಿನದಕ್ಕೆ ಮಾತು ಸಿಗುತ್ತದೆ. ನಿಯಮ ಕಾಪಾಡಿದೆ ಎಂದವರಿಗೆ ಇದು ಸರಿಯಾದ ಪರೀಕ್ಷೆ ಕೂಡ. ನಿಯಮವೇ ಅಡ್ಡಿಯಾಗಿದ್ದರೆ, ಆ ನಿಯಮ ಅನ್ವಯಿಸದ ಮಸೂದೆಗೆ ಅವರು ಒಪ್ಪಬೇಕು. ಹಾಗೆಯೇ ಅವರು ಅದೇ ನಿಯಮವನ್ನು ತಮ್ಮ ಪಕ್ಷದ ಮಸೂದೆಗೂ ಹಿಡಿದರೇ ಎಂದು ಹಳೆಯ ವೇವರ್ ಮತಗಳಲ್ಲಿ ನೋಡಿ. ಹಿಡಿದಿದ್ದರೆ ಅವರ ಮಾತಿಗೆ ಗೌರವ ಕೊಡಬೇಕು, ಭಿನ್ನಾಭಿಪ್ರಾಯ ಇಟ್ಟುಕೊಂಡೇ.

ಐದನೇ ಹೆಜ್ಜೆ: ಕಚೇರಿಗೆ ಫೋನ್

ಕ್ಯಾಪಿಟಲ್ (ಸಂಸತ್ ಭವನ) ಸ್ವಿಚ್‌ಬೋರ್ಡ್ 202-224-3121. ನಿಮ್ಮ ಸೆನೆಟರ್ ಹೆಸರು ಹೇಳಿದರೆ ಜೋಡಿಸುತ್ತಾರೆ. ಗಲಾಟೆಯ ದಿನಗಳಲ್ಲಿ ವಾಷಿಂಗ್ಟನ್ ಕಚೇರಿಯ ವಾಯ್ಸ್‌ಮೇಲ್ ತುಂಬಿರುತ್ತದೆ, ಆಗ ರಾಜ್ಯದೊಳಗಿನ ಕಚೇರಿಗೆ ಮಾಡಿ. ಹಲವು ಊರುಗಳಲ್ಲಿ ಶಾಖೆ ಇರುತ್ತದೆ, ಸಂಖ್ಯೆ ಅವರ ಜಾಲತಾಣದಲ್ಲಿದೆ. ಬೇರೆ ರಾಜ್ಯದ ಸೆನೆಟರ್‌ಗೆ ಮಾಡಿದ ಫೋನ್‌ಗೆ ಬೆಲೆ ತೀರಾ ಕಡಿಮೆ. ಜಿಪ್ ಕೋಡ್ ಕೇಳುವುದೇ ಅದಕ್ಕೆ.

ಎತ್ತುವವರು ಸಾಮಾನ್ಯವಾಗಿ ಇಂಟರ್ನ್ ಅಥವಾ ಕಿರಿಯ ಸಿಬ್ಬಂದಿ. ಪರ, ವಿರೋಧ ಎಂದು ಗುರುತು ಹಾಕಿಕೊಳ್ಳುತ್ತಾರೆ. ಒಂದೂವರೆ ನಿಮಿಷದಲ್ಲಿ ಮುಗಿಯುವಂತೆ ಬರೆದಿಟ್ಟುಕೊಂಡು ಮಾತಾಡಿ. ತಿರುಳು ಇಷ್ಟಿದ್ದರೆ ಸಾಕು:

“ನನ್ನ ಹೆಸರು ಇಂಥದು, ಇಂಥ ಊರಿನಲ್ಲಿದ್ದೇನೆ, ಜಿಪ್ ಕೋಡ್ ಇಷ್ಟು. ಇಂಥ ದಿನಾಂಕದ, ಇಂಥ ಸಂಖ್ಯೆಯ ಮತದ ಬಗ್ಗೆ ಫೋನ್ ಮಾಡಿದ್ದೇನೆ. ಸೆನೆಟರ್ ಕ್ಲೋಚರ್ ವಿರುದ್ಧ ಮತ ಹಾಕಿದ್ದಾರೆ. ನನ್ನ ತಾಯಿಯ ವಿಮೆಯ ಕಂತು ಈ ಸಹಾಯಧನದ ಮೇಲೆ ನಿಂತಿದೆ. ಮಸೂದೆ ಮತ್ತೆ ಬಂದರೆ ಚರ್ಚೆಗಾದರೂ ಅವಕಾಶ ಕೊಡುತ್ತಾರೆಯೇ? ನನಗೆ ಲಿಖಿತ ಉತ್ತರ ಬೇಕು.”

ಕೊನೆಯ ವಾಕ್ಯ ಮುಖ್ಯ. ಅದನ್ನು ಹೇಳದಿದ್ದರೆ ಕರೆ ಬರೀ ಎಣಿಕೆಯಾಗಿ ಮುಗಿಯುತ್ತದೆ. ಮಾತಾಡಿದವರ ಮೊದಲ ಹೆಸರು, ಹೊತ್ತು, ಅವರು ಹೇಳಿದ್ದು ಬರೆದಿಡಿ. ಕರೆ ರೆಕಾರ್ಡ್ ಮಾಡುವ ಮುನ್ನ ರಾಜ್ಯದ ಕಾನೂನು ನೋಡಿ: ಕ್ಯಾಲಿಫೋರ್ನಿಯ, ಫ್ಲಾರಿಡ, ಪೆನ್ಸಿಲ್ವೇನಿಯ, ವಾಷಿಂಗ್ಟನ್ ಮುಂತಾದ ರಾಜ್ಯಗಳಲ್ಲಿ ಎರಡೂ ಕಡೆಯವರ ಒಪ್ಪಿಗೆ ಬೇಕು.

ಫೋನ್ ಎತ್ತಿದ ಹುಡುಗ ಹುಡುಗಿಯರ ಮೇಲೆ ಹರಿಹಾಯಬೇಡಿ. ಬೆದರಿಕೆಯ ಮಾತು ಅಪರಾಧ. ‘ಹೀಗೆ ಮತ ಹಾಕಿದರೆ ದೇಣಿಗೆ ಕೊಡುತ್ತೇನೆ’ ಎಂಬ ಮಾತನ್ನಂತೂ ಎಂದೂ ಆಡಬೇಡಿ, ಅದು ಲಂಚದ ಗಡಿಗೆ ಹೋಗುತ್ತದೆ.

ಪತ್ರ, ಭೇಟಿ

ಜಾಲತಾಣದ ಫಾರ್ಮ್‌ನಲ್ಲಿ ಬರೆಯುವಾಗ ವಿಷಯದ ಪಟ್ಟಿಯಿಂದ ‘ಹೆಲ್ತ್’ ಆರಿಸಿ, ಇಲ್ಲದಿದ್ದರೆ ಬೇರೆಯವರ ಮೇಜಿಗೆ ಹೋಗುತ್ತದೆ. ಸಂಘಟನೆಗಳು ಕೊಡುವ ಸಿದ್ಧ ಪತ್ರಕ್ಕೆ ಸಿದ್ಧ ಉತ್ತರವೇ ಬರುತ್ತದೆ. ಕಾಗದದ ಪತ್ರ ಕಳಿಸುವುದಾದರೆ ರಾಜ್ಯದ ಕಚೇರಿಗೆ ಕಳಿಸಿ. ವಾಷಿಂಗ್ಟನ್‌ಗೆ ಹೋಗುವ ಅಂಚೆ 2001ರ ಆಂಥ್ರಾಕ್ಸ್ ಪ್ರಕರಣದ ನಂತರ ಭದ್ರತಾ ತಪಾಸಣೆಯಲ್ಲಿ ದಿನಗಟ್ಟಲೆ ಸಿಕ್ಕಿಬೀಳುತ್ತದೆ.

ಮುಖಾಮುಖಿ ಭೇಟಿಯಲ್ಲಿ ಸಿಗುವವರು ಹೆಚ್ಚಾಗಿ ಸೆನೆಟರ್ ಅಲ್ಲ, ಆರೋಗ್ಯ ವಿಷಯ ನೋಡಿಕೊಳ್ಳುವ ಲೆಜಿಸ್ಲೇಟಿವ್ ಅಸಿಸ್ಟೆಂಟ್ ಅಥವಾ ರಾಜ್ಯದ ಕಚೇರಿಯ ಮುಖ್ಯಸ್ಥರು. ನಿರಾಸೆ ಬೇಡ. ಮತಕ್ಕೆ ಮೊದಲು ಸೆನೆಟರ್‌ಗೆ ಟಿಪ್ಪಣಿ ಬರೆದುಕೊಡುವವರಲ್ಲಿ ಇವರೂ ಇರುತ್ತಾರೆ. ಮೂರರಿಂದ ಐದು ಜನ ಹೋಗಿ. 20 ನಿಮಿಷ ಸಿಗುತ್ತದೆ ಎಂದುಕೊಂಡೇ ಸಿದ್ಧರಾಗಿ: ಒಬ್ಬರು ಮತದ ದಾಖಲೆ ಹೇಳಲಿ, ಒಬ್ಬರು ತಮ್ಮ ಮನೆಯ ವಿಮೆಯ ಲೆಕ್ಕ ಹೇಳಲಿ, ಒಬ್ಬರು ಪ್ರಶ್ನೆ ಕೇಳಲಿ, ಒಬ್ಬರು ಬರೆದುಕೊಳ್ಳಲಿ. ಒಂದೇ ಹಾಳೆ ಕೊಟ್ಟು ಬನ್ನಿ. ಆ ಹಾಳೆಯಲ್ಲಿ ವಿಮೆಯ ಗುರುತಿನ ಸಂಖ್ಯೆ, ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ ಬರೆಯಬೇಡಿ. ಬೇರೆಯವರ ಕಾಯಿಲೆಯ ಕಥೆಯನ್ನು ಅವರ ಒಪ್ಪಿಗೆಯಿಲ್ಲದೆ ಹೇಳಬೇಡಿ. ಮನೆಯ ಲೆಕ್ಕ ಎಂದರೆ ‘ಹಿಂದೆ ಕಂತು ಇಷ್ಟಿತ್ತು, ಈಗ ಇಷ್ಟು, ಇದಕ್ಕಾಗಿ ಇದನ್ನು ಬಿಟ್ಟೆವು’ ಎಂಬ ಮೂರು ಸಾಲು. ಕಣ್ಣೀರಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಹಾರಿಕೆಯ ಉತ್ತರಕ್ಕೆ ಮರುಪ್ರಶ್ನೆ

ವಾರಗಳ ನಂತರ ಬರುವ ಮೊದಲ ಪತ್ರದಲ್ಲಿ ‘ನಿಮ್ಮ ಅಭಿಪ್ರಾಯ ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ’ ಎಂದಷ್ಟೇ ಇರಬಹುದು. ಸುಮ್ಮನಾಗಬೇಡಿ. ಆ ಪತ್ರದ ದಿನಾಂಕ ಉಲ್ಲೇಖಿಸಿ, ‘ನಾನು ಕೇಳಿದ್ದು ಇದು’ ಎಂದು ಅದೇ ಪ್ರಶ್ನೆಯನ್ನು ಅಕ್ಷರವೂ ಬದಲಿಸದೆ ಮತ್ತೆ ಕಳಿಸಿ.

‘ಪ್ರಕ್ರಿಯೆ ಸರಿಯಿರಲಿಲ್ಲ, ತಿದ್ದುಪಡಿಗೆ ಅವಕಾಶ ಕೊಡಲಿಲ್ಲ’ ಎಂದರೆ, ಯಾವ ತಿದ್ದುಪಡಿ ಎಂದು ಕೇಳಿ. ಅದು ಸಿಕ್ಕ ಮೇಲೂ ಅಥವಾ ಸೋತ ಮೇಲೂ ಮತ ಏನಾಗುತ್ತದೆ ಎಂದು ಕೇಳಿ. 2022ರಲ್ಲಿ ವಿಷಕಾರಿ ಹೊಗೆಗೆ ಸಿಕ್ಕ ಮಾಜಿ ಸೈನಿಕರ ಚಿಕಿತ್ಸೆಯ ಪ್ಯಾಕ್ಟ್ ಮಸೂದೆಯಲ್ಲಿ ಇದೇ ಆಯಿತು. ಜೂನ್‌ನಲ್ಲಿ 84–14ರಿಂದ ಗೆದ್ದಿದ್ದ ಮಸೂದೆ ತಿದ್ದುಪಡಿಯಾಗಿ ಮರಳಿ ಬಂದಾಗ, ಜುಲೈ 27ರಂದು ಕ್ಲೋಚರ್‌ನಲ್ಲಿ 55–42ಕ್ಕೆ ನಿಂತುಬಿಟ್ಟಿತು. ವಿರೋಧಿಸಿದವರು ಹಣದ ಲೆಕ್ಕ ಹಾಕುವ ರೀತಿಯ ಬಗ್ಗೆ ಆಕ್ಷೇಪ ಎಂದರು. ಮಾಜಿ ಸೈನಿಕರು ಮನೆಗೆ ಹೋಗಲಿಲ್ಲ, ಕ್ಯಾಪಿಟಲ್ ಮೆಟ್ಟಿಲ ಮೇಲೆ ಹಗಲು ರಾತ್ರಿ ಕೂತರು. ಪ್ರತಿಯೊಬ್ಬರನ್ನೂ ‘ಜೂನ್‌ನಲ್ಲಿ ಹೌದು, ಜುಲೈನಲ್ಲಿ ಬೇಡ, ಏಕೆ?’ ಎಂದೇ ಕೇಳುವಂತಾಯಿತು. ಆಗಸ್ಟ್ 2ರಂದು ಆಕ್ಷೇಪದ ತಿದ್ದುಪಡಿಗೆ ಮತ ಕೊಟ್ಟರು, ಅದು ಸೋತಿತು, ಆಮೇಲೆ ಮಸೂದೆ 86–11ರಿಂದ ಗೆದ್ದಿತು. ಒಂದು ವಾರಕ್ಕೂ ಕಡಿಮೆ ಸಮಯ. ಎರಡು ಮತಗಳ ನಡುವಿನ ವಿರೋಧಾಭಾಸ ಅಷ್ಟು ಸ್ಪಷ್ಟವಾಗಿ ದಾಖಲೆಯಲ್ಲಿದ್ದದ್ದೇ ಅವರ ಕೈಯ ಬಲ.

‘ಇನ್ನೂ ಒಳ್ಳೆಯ ಮಸೂದೆಯನ್ನು ಬೆಂಬಲಿಸುತ್ತೇನೆ’ ಎಂದರೆ ಅದರ ಸಂಖ್ಯೆ ಕೇಳಿ. ಸಂಖ್ಯೆ ಇಲ್ಲದಿದ್ದರೆ ಮಸೂದೆಯೂ ಇಲ್ಲ.

ಊರ ಸಭೆ, ಪತ್ರಿಕೆ

ಸೆನೆಟರ್ ಜನರ ಜತೆ ನಡೆಸುವ ಸಭೆಗೆ ಟೌನ್ ಹಾಲ್ ಎನ್ನುತ್ತಾರೆ, ಅದನ್ನು ನಡೆಸಲೇಬೇಕೆಂಬ ಕಾನೂನಿಲ್ಲ. ನಡೆದರೆ ಬಹುಮಟ್ಟಿಗೆ ಸದನಕ್ಕೆ ಬಿಡುವಿದ್ದಾಗ, ಆಗಸ್ಟ್‌ನಲ್ಲಿ ಹೆಚ್ಚು. ನಿಮ್ಮ ಪ್ರಶ್ನೆ 20 ಸೆಕೆಂಡ್ ಮೀರದಿರಲಿ, ಕೊನೆಯಲ್ಲಿ ಮತದ ದಿನಾಂಕ ಬರಲಿ. ಗುಂಪಿನವರು ಬೇರೆ ಬೇರೆ ಕಡೆ ಕೂತರೆ ಮೈಕ್ ಸಿಗುವ ಸಾಧ್ಯತೆ ಹೆಚ್ಚು. ಉತ್ತರ ಹಾರಿಸಿದರೆ ಮುಂದೆ ಮೈಕ್ ಸಿಕ್ಕವರು ತಮ್ಮ ಪ್ರಶ್ನೆ ಬಿಟ್ಟು ಹಿಂದಿನದನ್ನೇ ಕೇಳಲಿ.

ಸ್ಥಳೀಯ ಪತ್ರಿಕೆಯ ಓದುಗರ ಪತ್ರಕ್ಕೆ ಸಾಮಾನ್ಯವಾಗಿ 150ರಿಂದ 250 ಪದಗಳ ಮಿತಿ. ಸೆನೆಟರ್ ಹೆಸರು ಪೂರ್ತಿ ಇರಲಿ. ಕಚೇರಿಯವರು ಪತ್ರಿಕೆಗಳಲ್ಲಿ ಹೆಸರು ಹುಡುಕಿ ತೆಗೆದಿಡುತ್ತಾರೆ, ಹೆಸರಿಲ್ಲದ ಪತ್ರ ಅವರ ಕಣ್ಣಿಗೆ ಬೀಳುವುದಿಲ್ಲ. ರಾಜ್ಯದ ಆಸ್ಪತ್ರೆ, ರಾಜ್ಯದ ವಿಮಾದರ, ರಾಜ್ಯದ ಸೆನೆಟರ್ ಮತ ಇಷ್ಟು ಸೇರಿದರೆ ಸಂಪಾದಕರು ಆಸಕ್ತಿಯಿಂದ ಓದುತ್ತಾರೆ.

ವೀಸಾ, ಗ್ರೀನ್ ಕಾರ್ಡ್, ಕನ್ನಡ ಕೂಟ

ಫೋನ್ ಮಾಡಲು, ಪತ್ರ ಬರೆಯಲು, ಸಭೆಗೆ ಹೋಗಲು ಪೌರತ್ವ ಬೇಕಿಲ್ಲ. ಆ ರಾಜ್ಯದಲ್ಲಿ ವಾಸವಿದ್ದರೆ ಅವರು ನಿಮ್ಮ ಸೆನೆಟರ್. ಮತದಾನ ಮಾತ್ರ ಪೌರರಿಗೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿ ಫಾರ್ಮ್ ಮುಂದಿಟ್ಟರೆ ಪೌರರಲ್ಲದವರು ಸಹಿ ಮಾಡಲೇಬಾರದು. ಮುಂದೆ ಪೌರತ್ವ ಸಿಗುವುದಕ್ಕೇ ಕುತ್ತು ಬರುತ್ತದೆ. ಚುನಾವಣಾ ದೇಣಿಗೆಯನ್ನು ಗ್ರೀನ್ ಕಾರ್ಡ್ ಇರುವವರು ಕೊಡಬಹುದು, ಎಚ್-1ಬಿ ಮುಂತಾದ ವೀಸಾದವರು ಕೊಡುವಂತಿಲ್ಲ, ಬೇರೆಯವರ ಹೆಸರಲ್ಲೂ ಕೊಡುವಂತಿಲ್ಲ. ವೀಸಾ ಮೇಲಿರುವವರು ಬಂಧನವಾಗುವಂಥ ಪ್ರತಿಭಟನೆಯಿಂದ ದೂರವಿರುವುದು ಒಳ್ಳೆಯದು.

ಅನೇಕ ಕನ್ನಡ ಕೂಟಗಳು 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು. ಅಂಥ ಕೂಟ ಯಾವ ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡುವಂತಿಲ್ಲ. ಮಾಡಿದರೆ ತೆರಿಗೆ ವಿನಾಯಿತಿಗೆ ಸಂಚಕಾರ. ವಿಮೆಯ ಬಗ್ಗೆ ಮಾಹಿತಿ ಸಭೆ, ಮತದಾರರ ನೋಂದಣಿ ಶಿಬಿರ ಪಕ್ಷಾತೀತವಾಗಿ ನಡೆಸಬಹುದು. ಸೆನೆಟರ್ ಮತವನ್ನು ಟೀಕಿಸುವ ಪತ್ರಕ್ಕೆ ಕೂಟದ ಲೆಟರ್‌ಹೆಡ್ ಬಳಸದೆ ಸ್ವಂತ ಹೆಸರಲ್ಲಿ ಸಹಿ ಹಾಕಿ. ಕೂಟದ ವಾಟ್ಸ್‌ಆ್ಯಪ್ ಗುಂಪಿನ ಬದಲು ಬೇರೆ ಗುಂಪು ಮಾಡಿಕೊಳ್ಳಿ.

ಮುಂದಿನ ಮತಕ್ಕೆ ಮೊದಲೇ ಸಿದ್ಧರಾಗಿ

ಆದ ಮತದ ಮೇಲೆ ಕೋಪ ತೋರಿಸುವುದಕ್ಕಿಂತ ಆಗುವ ಮತಕ್ಕೆ ಮೊದಲು ಮಾತಾಡುವುದು ಹೆಚ್ಚು ಫಲ ಕೊಡುತ್ತದೆ. ಕ್ಲೋಚರ್ ಕೋರಿಕೆಗೆ 16 ಸೆನೆಟರ್‌ಗಳ ಸಹಿ ಬೇಕು, ಸಲ್ಲಿಸಿದ ಮೇಲೆ ನಡುವೆ ಒಂದು ದಿನ ಬಿಟ್ಟು ಮತ. ಮಂಗಳವಾರ ಸಲ್ಲಿಸಿದರೆ ಸಾಮಾನ್ಯವಾಗಿ ಗುರುವಾರ. ಎರಡೂ ಪಕ್ಷಗಳ ಫ್ಲೋರ್ ಕಚೇರಿಗಳು ವೇಳಾಪಟ್ಟಿ ಪ್ರಕಟಿಸುತ್ತವೆ. ನಿಮಗೆ ಸಿಗುವುದು ಆ ಒಂದೂವರೆ ಎರಡು ದಿನವೇ. ಪಟ್ಟಿ, ಫೋನ್ ಸಂಖ್ಯೆ, ವಾಕ್ಯ ಎಲ್ಲ ಮೊದಲೇ ಸಿದ್ಧವಿದ್ದರೆ ಮಾತ್ರ ಸಾಕಾಗುತ್ತದೆ.

ಸೆನೆಟರ್ ಅವಧಿ 6 ವರ್ಷ. ನಡುವೆ ವಾಪಸ್ ಕರೆಸುವ ಅವಕಾಶ ಇಲ್ಲ, ಅಂಥ ಅರ್ಜಿಗೆ ಸಹಿ ಸಂಗ್ರಹಿಸುವವರು ಸಮಯ ಹಾಳುಮಾಡುತ್ತಿದ್ದಾರೆ. ಆದ್ದರಿಂದ ಐದಾರು ವರ್ಷ ಹಾಳಾಗದ ರೀತಿಯಲ್ಲಿ ಕಡತ ಇಡಿ: ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಮತದ ಗುರುತು, ಪ್ರಶ್ನೆ, ಫಲಿತಾಂಶ, ಅವರ ಮತ, ಮುಂಚೆ ಹೇಳಿದ್ದು, ಆಮೇಲೆ ಹೇಳಿದ್ದು, ನೀವು ಕೇಳಿದ್ದು, ಬಂದ ಉತ್ತರ. ರೋಲ್ ಕಾಲ್ ಪುಟವನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಸೆನೆಟರ್ ಪತ್ರಿಕಾ ಹೇಳಿಕೆಗಳನ್ನೂ ಅಂದೇ ಉಳಿಸಿ, ಅವು ಜಾಲತಾಣದಿಂದ ಮಾಯವಾಗುವುದುಂಟು. ಒಳ್ಳೆಯ ಮತಗಳೂ ಕಡತದಲ್ಲಿರಲಿ, ಹಾಗೆ ಮತ ಹಾಕಿದ ವಾರವೇ ಫೋನ್ ಮಾಡಿ ಧನ್ಯವಾದ ಹೇಳಿ. ಕಚೇರಿಯಲ್ಲಿ ನಿಮ್ಮ ಹೆಸರು ಬರೀ ಬೈಯುವವರ ಪಟ್ಟಿಯಲ್ಲಿ ಇರುವುದಿಲ್ಲ.

ಚುನಾವಣೆಯ ವರ್ಷದಲ್ಲಿ ಪ್ರೈಮರಿಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ, ಮೊದಲೇ ಕಡತ ಹೊರತೆಗೆಯಿರಿ. ಒಂದೇ ಪಕ್ಷ ಗೆಲ್ಲುವ ರಾಜ್ಯಗಳಲ್ಲಿ ನಿಜವಾದ ತೀರ್ಪು ಬೀಳುವುದು ಅಲ್ಲೇ, ಮತ ಹಾಕುವವರೂ ಕಡಿಮೆ. ಪ್ರೈಮರಿಯಲ್ಲಿ ಭಾಗವಹಿಸಲು ಪಕ್ಷದ ನೋಂದಣಿ ಬೇಕೇ, ಕೊನೆಯ ದಿನ ಯಾವಾಗ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ತಿಂಗಳುಗಳ ಮೊದಲೇ ನೋಡಿಕೊಳ್ಳಿ. ಎದುರು ನಿಂತವರಿಗೂ ಅದೇ ಪ್ರಶ್ನೆಯನ್ನು ಲಿಖಿತವಾಗಿ ಕಳಿಸಿ: ‘ಆ ದಿನ ನೀವು ಅಲ್ಲಿದ್ದಿದ್ದರೆ ಕ್ಲೋಚರ್‌ಗೆ ಏನು ಹೇಳುತ್ತಿದ್ದಿರಿ?’ ಬಂದ ಉತ್ತರವನ್ನು ಅದೇ ಕಡತದ ಹೊಸ ಸಾಲಿನಲ್ಲಿ ದಿನಾಂಕ ಹಾಕಿ ಸೇರಿಸಿ. ಅವರು ಗೆದ್ದರೆ ಮೊದಲ ಮತದ ದಿನವೇ ಅದು ಬೇಕಾಗುತ್ತದೆ.